ಕೈ ನಡುಗಿದರೂ ಗೆರೆ ನಡುಗದು

ಬಸ್ ನಿಲ್ದಾಣದ ಪಕ್ಕದಲ್ಲಿ ಬೀಗದ ಕೈ ಮಾಡಿಕೊಡುವವನ ಗೂಡಂಗಡಿಯ ಮುಂದೆ ನಿಂತವರಿಗೆ ಒಂದು ಸಣ್ಣ ಸೋಜಿಗ ಕಾಡಿಯೇ ಇರುತ್ತದೆ. ಆತ ಏನನ್ನೂ ಅಳೆಯುವುದಿಲ್ಲ. ಹಳೆಯ ಕೈಯನ್ನು ಒಂದು ಹಿಡಿಕೆಯಲ್ಲಿ, ಹಲ್ಲಿಲ್ಲದ ಹೊಸ ಹಿತ್ತಾಳೆ ತುಂಡನ್ನು ಪಕ್ಕದ ಹಿಡಿಕೆಯಲ್ಲಿ ಬಿಗಿಯುತ್ತಾನೆ. ಗುಂಡಿ ಒತ್ತಿ, ಗಿರಾಕಿಯ ಜೊತೆ ಮಾತಾಡುತ್ತಲೇ ಯಂತ್ರವನ್ನು ಅತ್ತಿತ್ತ ಸರಿಸುತ್ತಾನೆ. ಕಿರ್ರ್ ಎಂಬ ಸದ್ದು, ಒಂದಿಷ್ಟು ಹಿತ್ತಾಳೆ ಪುಡಿ, ಅಷ್ಟೇ. ಮನೆಗೆ ಹೋಗಿ ತಿರುಗಿಸಿದರೆ ಬೀಗ ತೆರೆದುಕೊಳ್ಳುತ್ತದೆ. ಹಲ್ಲು ತುಸು ಏರುಪೇರಾದರೂ ಮುನಿಸಿಕೊಳ್ಳುವ ಬೀಗ, ಅಳತೆಯನ್ನೇ ಮಾಡದವನಿಗೆ ಒಲಿದದ್ದು ಹೇಗೆ?

ಇದೇ ಪ್ರಶ್ನೆಯನ್ನು ಮರದ ಟ್ರೇ ಒಂದನ್ನು ಎದುರಿಗಿಟ್ಟುಕೊಂಡೂ ಕೇಳಬಹುದು. ನಾಲ್ಕು ಪಟ್ಟಿ ಸೇರಿಸಿ ಮೊಳೆ ಹೊಡೆದ ಟ್ರೇ ಅಲ್ಲ, ಒಂದೇ ಹಲಗೆಯನ್ನು ಒಳಗಿನಿಂದ ತೋಡಿ ಮಾಡಿದ್ದು. ಅದರ ಒಳಗೋಡೆ ನೆಟ್ಟಗೆ ಬಂದು, ಮೂಲೆಯಲ್ಲಿ ನಯವಾಗಿ ಹೊರಳಿ, ಮತ್ತೆ ನೆಟ್ಟಗೆ ಸಾಗುತ್ತದೆ. ಉಳಿ ಮತ್ತು ಕೊಡತಿಯಿಂದ ಇಂಥ ಗೋಡೆ ತೆಗೆಯಲು ನುರಿತ ಬಡಗಿಗೂ ಒಂದು ದಿನ ಬೇಕಾದೀತು. ಆದರೆ ಕಾಗದದ ಮೇಲೆ ನೆಟ್ಟಗೆ ಗೆರೆ ಎಳೆಯಲಾರದ ಹವ್ಯಾಸಿಯೂ ಮರ ಕೊರೆಯುವ ಒಂದು ರೂಟರ್ ಯಂತ್ರ ಮತ್ತು ಮನೆಯಲ್ಲೇ ಮಾಡಿಕೊಂಡ ಪಡಿಯಚ್ಚಿನ ನೆರವಿನಿಂದ ಅದನ್ನು ಮಾಡಬಲ್ಲ. ಕೀ ಅಂಗಡಿಯವನ ಗುಟ್ಟು ಮತ್ತು ಈ ಟ್ರೇಯ ಗುಟ್ಟು ಎರಡೂ ಒಂದೇ.

ಅಳತೆ ಗೊತ್ತಿಲ್ಲದ ಯಂತ್ರ

ಆ ಗುಟ್ಟು ಇನ್ನೂರು ವರ್ಷಕ್ಕಿಂತ ಹಳೆಯದು. ಉಗಿಯಂತ್ರದಿಂದ ಹೆಸರಾದ ಜೇಮ್ಸ್ ವಾಟ್ ತನ್ನ ಇಳಿವಯಸ್ಸನ್ನು ಬರ್ಮಿಂಗ್‌ಹ್ಯಾಮ್ ಬಳಿಯ ಮನೆಯ ಅಟ್ಟದ ಮೇಲೆ ಕಳೆದದ್ದು ಶಿಲ್ಪಗಳನ್ನು ನಕಲು ಮಾಡುವ ಯಂತ್ರದ ಹಿಂದೆ. ಒಂದು ಮೊಂಡು ಕಡ್ಡಿ ಮೂಲ ಶಿಲ್ಪದ ಮೈಮೇಲೆ ಹರಿದಾಡಿದರೆ, ಅದಕ್ಕೆ ಜೋಡಿಸಿದ ತಿರುಗುವ ಕೊರೆಕ ಪಕ್ಕದ ಕಲ್ಲಿನಲ್ಲಿ ಅದೇ ಏರಿಳಿತ ಕೆತ್ತುತ್ತಿತ್ತು. ಆ ಅಟ್ಟದ ಕಾರ್ಯಾಗಾರ ಈಗ ಲಂಡನ್ನಿನ ಸೈನ್ಸ್ ಮ್ಯೂಸಿಯಂನಲ್ಲಿದೆ.

ವಾಟ್ ತೀರಿಕೊಂಡದ್ದು 1819ರ ಆಗಸ್ಟಿನಲ್ಲಿ. ಮರುತಿಂಗಳೇ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಥಾಮಸ್ ಬ್ಲ್ಯಾಂಚರ್ಡ್ ಎಂಬಾತ ಇದೇ ಉಪಾಯದ ಮೇಲೆ ನಿಂತ ಮರಗೆಲಸದ ಯಂತ್ರಕ್ಕೆ ಪೇಟೆಂಟ್ ಪಡೆದ. ಅವನ ಮುಂದಿದ್ದ ಸಮಸ್ಯೆ ಬಂದೂಕಿನ ಮರದ ಹಿಡಿ. ಅದು ದುಂಡಗೂ ಇಲ್ಲ, ಚಪ್ಪಟೆಯೂ ಅಲ್ಲ, ಎಲ್ಲೆಡೆ ಡೊಂಕು. ಅದನ್ನು ಅಳೆದು ಕೆತ್ತುವ ಗೋಜಿಗೆ ಬ್ಲ್ಯಾಂಚರ್ಡ್ ಹೋಗಲೇ ಇಲ್ಲ. ಕಬ್ಬಿಣದ ಮಾದರಿ ಹಿಡಿಯೊಂದನ್ನೂ ಮರದ ದಿಮ್ಮಿಯನ್ನೂ ಒಟ್ಟಿಗೆ ತಿರುಗುವಂತೆ ಕೂರಿಸಿದ. ಮಾದರಿಗೆ ಒಂದು ನುಣುಪು ಚಕ್ರ ಒರಗಿಕೊಂಡಿತು, ದಿಮ್ಮಿಗೆ ಅಷ್ಟೇ ಗಾತ್ರದ ಹಲ್ಲಿನ ಚಕ್ರ ತಾಗಿಕೊಂಡಿತು, ಎರಡೂ ಒಂದೇ ಚೌಕಟ್ಟಿಗೆ ಬಿಗಿದವು. ನುಣುಪು ಚಕ್ರ ಮಾದರಿಯ ಉಬ್ಬನ್ನು ಹತ್ತಿದಾಗ ಹಲ್ಲಿನ ಚಕ್ರವೂ ಅಷ್ಟೇ ಹಿಂದೆ ಸರಿಯಿತು. ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರದಲ್ಲಿ ಇದರಿಂದ ಹಿಡಿಗಳ ಮೇಲೆ ಹಿಡಿಗಳು ಹೊರಬಿದ್ದವು. ಆಮೇಲೆ ಕೊಡಲಿ ಕಾವು, ಬೂಟಿನ ಅಚ್ಚುಗಳೂ ಬಂದವು. ಪೇಟೆಂಟ್ ಅವಧಿ ವಿಸ್ತರಿಸಿಕೊಳ್ಳಬೇಕಾದಾಗ ಈ ಚತುರ ಅಮೆರಿಕದ ರಾಜಕಾರಣಿಗಳ ತಲೆಗಳನ್ನೇ ತನ್ನ ಯಂತ್ರದಲ್ಲಿ ಪಡಿಮೂಡಿಸಿ ಪ್ರದರ್ಶನಕ್ಕಿಟ್ಟ. ತಮ್ಮದೇ ಮುಖ ಕಂಡ ಮೇಲೆ ಯಾರು ತಾನೇ ಬೇಡ ಎಂದಾರು? ಅವಧಿ ವಿಸ್ತರಣೆಯಾಯಿತು.

ಈ ಯಂತ್ರಗಳಿಗೆಲ್ಲ ಅಳತೆಯೆಂದರೇನೆಂದೇ ಗೊತ್ತಿಲ್ಲ. ಅವುಗಳಲ್ಲಿ ಇರುವುದು ಎರಡೇ ಭಾಗ: ತಡವುವ ಒಂದು ಹಿಂಬಾಲಕ, ಕೊರೆಯುವ ಒಂದು ಅಲಗು. ಎರಡರ ನಡುವಿನ ಅಂತರ ಎಂದೂ ಬದಲಾಗದಂತೆ ಬಿಗಿದರೆ ಮುಗಿಯಿತು.

ಬೇರಿಂಗ್ ಎಂಬ ಹಿಂಬಾಲಕ

ರೂಟರ್ ನೋಡಲು ಸರಳ. ಅಂಗೈಯಲ್ಲಿ ಹಿಡಿಯುವಷ್ಟರಿಂದ ಹಿಡಿದು ಎರಡೂ ಕೈ ಬೇಕಾಗುವಷ್ಟು ದೊಡ್ಡದರವರೆಗೆ ಸಿಗುವ ಒಂದು ಮೋಟಾರು, ಅದರ ಕೆಳಗೊಂದು ಚಪ್ಪಟೆ ಪಾದ, ಪಾದದ ನಡುವಿನ ತೂತಿನಿಂದ ಇಣುಕುವ ಬಿಟ್, ಅಂದರೆ ಅಲಗಿರುವ ಕಡ್ಡಿ. ವೇಗ ಮಾತ್ರ ಸರಳವಲ್ಲ: ನಿಮಿಷಕ್ಕೆ 10,000ದಿಂದ 30,000 ಸುತ್ತು. 19 ಮಿ.ಮೀ. ಅಗಲದ ಬಿಟ್ ನಿಮಿಷಕ್ಕೆ 20,000 ಸುತ್ತು ತಿರುಗಿದರೆ ಅದರ ಅಲಗಿನ ತುದಿ ಗಂಟೆಗೆ ಸುಮಾರು 70 ಕಿ.ಮೀ. ವೇಗದಲ್ಲಿ ಮರಕ್ಕೆ ಬಡಿಯುತ್ತಿರುತ್ತದೆ.

ಇಂಥದ್ದನ್ನು ಬರಿಗೈಯಲ್ಲಿ ಗೆರೆಯ ಮೇಲೆ ನಡೆಸುವುದು ಆಗದ ಮಾತು. ಮರ ಎಲ್ಲ ಕಡೆ ಒಂದೇ ಗಟ್ಟಿ ಇರುವುದಿಲ್ಲ. ಮೆದು ಜಾಗದಲ್ಲಿ ಬಿಟ್ ಮುನ್ನುಗ್ಗುತ್ತದೆ, ಗಂಟು ಸಿಕ್ಕಲ್ಲಿ ಒದೆಯುತ್ತದೆ. ಕೈ ಸರಿಪಡಿಸುವಷ್ಟರಲ್ಲಿ ಅಲಗು ನೂರಾರು ಬಾರಿ ಕೊರೆದಾಗಿರುತ್ತದೆ.

ಆದ್ದರಿಂದ ಕೈಗೆ ಒಂದು ಗೋಡೆ ಕೊಡಬೇಕು. ಬಳೆಯ ಒಳಗೆ ಪೆನ್ಸಿಲ್ ಊರಿ ಸುತ್ತು ಬರುವ ಮಗುವಿನ ಕೈ ಎಷ್ಟೇ ಅಲುಗಿದರೂ ವೃತ್ತ ದುಂಡಗೇ ಬರುತ್ತದೆ, ಏಕೆಂದರೆ ಪೆನ್ಸಿಲನ್ನು ಬಳೆಗೆ ಒತ್ತಿ ಹಿಡಿಯುವುದಷ್ಟೇ ಮಗುವಿನ ಕೆಲಸ. ರೂಟರಿನಲ್ಲಿ ಬಳೆಯ ಕೆಲಸ ಹಲಗೆಯ ಮೇಲೆ ಕೂರಿಸಿದ, ಟ್ರೇಯ ಒಳಾಕಾರದ ಕಿಂಡಿಯಿರುವ ಪಡಿಯಚ್ಚಿನದು. ಪೆನ್ಸಿಲಿನ ಮೈ ಎಂದರೆ ಬಿಟ್‌ನ ಕಾಂಡಕ್ಕೆ ತೊಡಿಸಿದ ಪುಟ್ಟ ಬೇರಿಂಗ್. ಅದರ ಅಗಲವೂ ಅಲಗಿನ ಅಗಲವೂ ಒಂದೇ, ಎರಡೂ ಇರುವುದು ಒಂದೇ ಅಕ್ಷದ ಮೇಲೆ. ಬೇರಿಂಗ್‌ನ ಹೊರಬಳೆ ಪಡಿಯಚ್ಚಿನ ಅಂಚಿಗೆ ಒರಗಿ ನಿಧಾನ ಉರುಳುತ್ತದೆ, ಒಳಗಿನ ಕಾಂಡ ಮತ್ತು ಕೆಳಗಿನ ಅಲಗು ಬುಗುರಿಯ ವೇಗದಲ್ಲಿ ತಿರುಗುತ್ತವೆ. ಬೇರಿಂಗ್ ಎಲ್ಲಿ ನಿಲ್ಲುತ್ತದೋ ಅಲಗೂ ಅಲ್ಲೇ ನಿಲ್ಲುತ್ತದೆ. ಬ್ಲ್ಯಾಂಚರ್ಡ್‌ನ ಎರಡು ಚಕ್ರಗಳು ಅಕ್ಕಪಕ್ಕ ಇದ್ದವು. ಇಲ್ಲಿ ಒಂದರ ಮೇಲೊಂದು ಕುಳಿತಿವೆ.

ಟ್ರೇ ಮಾಡುವುದಕ್ಕೆಂದೇ ಬರುವ ಬಿಟ್‌ಗಳಲ್ಲಿ ಅಲಗಿನ ಕೆಳಮೂಲೆ ದುಂಡಗಿರುತ್ತದೆ. ಹೀಗಾಗಿ ಟ್ರೇಯ ತಳ ಮತ್ತು ಗೋಡೆ ಸೇರುವಲ್ಲಿ ಸಂದು ಉಳಿಯುವುದಿಲ್ಲ. ಚೆಲ್ಲಿದ ಕಾಫಿಯನ್ನು ಒಂದೇ ಒರೆತಕ್ಕೆ ತೆಗೆಯಬಹುದು.

ಪಡಿಯಚ್ಚು: ಇಡೀ ಕೆಲಸ ಇರುವುದು ಇಲ್ಲೇ

ಹೊಸಬರು ದುಡ್ಡನ್ನೆಲ್ಲ ರೂಟರಿಗೆ ಸುರಿದು ಪಡಿಯಚ್ಚನ್ನು ಅರ್ಧ ಗಂಟೆಯಲ್ಲಿ ಮುಗಿಸಲು ನೋಡುತ್ತಾರೆ. ತಿರುಗಿಸಿ ಮಾಡಬೇಕಾದ ಲೆಕ್ಕ ಅದು. ಅಗ್ಗದ ರೂಟರ್ ಒಳ್ಳೆಯ ಪಡಿಯಚ್ಚಿನ ಮೇಲೆ ಒಳ್ಳೆಯ ಟ್ರೇ ಕೊಡುತ್ತದೆ, ದುಬಾರಿ ರೂಟರ್ ಕೆಟ್ಟ ಪಡಿಯಚ್ಚಿನ ದೋಷವನ್ನು ನಿಷ್ಠೆಯಿಂದ ಮರಕ್ಕೆ ದಾಟಿಸುತ್ತದೆ.

ಸಾಮಗ್ರಿ ಎಂಡಿಎಫ್ ಆದರೆ ಉತ್ತಮ. ಮರದ ನಾರನ್ನು ಪುಡಿಮಾಡಿ ಅಂಟಿನೊಂದಿಗೆ ಒತ್ತಿದ ಹಾಳೆಯಾದ್ದರಿಂದ ಅದಕ್ಕೆ ಎಳೆಯಿಲ್ಲ, ಗಂಟಿಲ್ಲ. ಅಂಚನ್ನು ಯಾವ ದಿಕ್ಕಿಗೆ ಉಜ್ಜಿದರೂ ನುಣುಪಾಗುತ್ತದೆ. ಪ್ಲೈವುಡ್ಡಿನ ಪದರಗಳ ನಡುವೆ ಕೆಲವೊಮ್ಮೆ ಟೊಳ್ಳು ಇರುವುದರಿಂದ ಅದರ ಅಂಚನ್ನು ಅಷ್ಟು ನಂಬುವಂತಿಲ್ಲ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಟ್ರೇಯ ಹೊರ ಅಳತೆ 360 × 220 ಮಿ.ಮೀ., ಸುತ್ತ 12 ಮಿ.ಮೀ. ದಪ್ಪದ ಗೋಡೆ. ಹಾಗಾದರೆ ಪಡಿಯಚ್ಚಿನ ಕಿಂಡಿ 336 × 196 ಇರಬೇಕು. ಗೆರೆ ಎಳೆದು ಜಿಗ್‌ಸಾ ಹಿಡಿದು ಕೊಯ್ದರೆ ಅಂಚು ಅಂಕುಡೊಂಕಾಗುವುದು ಖಂಡಿತ. ಅದಕ್ಕಿಂತ ಜಾಣತನದ ದಾರಿಯೊಂದಿದೆ. ಎಂಡಿಎಫ್ ಹಾಳೆಯ ಕಾರ್ಖಾನೆ ಅಂಚು ಹೇಗೂ ನೆಟ್ಟಗಿರುತ್ತದೆ. ಆ ಅಂಚಿರುವ ನಾಲ್ಕು ಅಗಲ ಪಟ್ಟಿ ತೆಗೆದು, ಆ ಅಂಚುಗಳೇ ಒಳಮುಖವಾಗುವಂತೆ ಚೌಕಟ್ಟಾಗಿ ಅಂಟಿಸಿದರೆ ಕಿಂಡಿ ತಾನಾಗಿ ಹುಟ್ಟುತ್ತದೆ. ಇಲ್ಲಿ ಕೊಯ್ದ ಅಂಚು ಒಂದೂ ಇಲ್ಲ, ಕಾರ್ಖಾನೆಯ ಯಂತ್ರದ ನೇರವನ್ನು ಎರವಲು ಪಡೆದದ್ದಷ್ಟೇ. ಎರಡು ಕರ್ಣಗಳನ್ನು ಅಳೆದಾಗ ಸಮ ಇದ್ದರೆ ಮೂಲೆಗಳು ಲಂಬಕೋನದಲ್ಲಿವೆ ಎಂದರ್ಥ.

ದುಂಡು ಅಥವಾ ಮೊಟ್ಟೆಯಾಕಾರದ ಟ್ರೇ ಬೇಕಾದರೆ ಕೊಯ್ದು, ಅರ ಮತ್ತು ಸ್ಯಾಂಡ್‌ಪೇಪರ್ ಹಿಡಿದು ಕೂರಲೇಬೇಕು. ಆಗ ಒಂದು ವಿಚಿತ್ರ ಗಮನಕ್ಕೆ ಬರುತ್ತದೆ. ಪಡಿಯಚ್ಚಿನ ಅಂಚಿನಲ್ಲಿ ಗರಗಸ ಒಳಹೊಕ್ಕು ಮಾಡಿದ ಕಿರಿದಾದ ಕಚ್ಚು ಟ್ರೇಯಲ್ಲಿ ಕಾಣಿಸುವುದೇ ಇಲ್ಲ, ಆದರೆ ಸಾಸಿವೆಯಷ್ಟು ಉಬ್ಬು ಉಳಿದಿದ್ದರೂ ಟ್ರೇಯ ಗೋಡೆಯಲ್ಲಿ ಎದ್ದು ಕಾಣುತ್ತದೆ. ಕಾರಣ ಬೇರಿಂಗ್‌ನ ಗಾತ್ರ. 19 ಮಿ.ಮೀ. ಅಗಲದ ಬೇರಿಂಗ್ ಎರಡು ಮಿ.ಮೀ. ಕಚ್ಚಿನೊಳಗೆ ಇಳಿಯಲಾರದು, ಅದರ ಬಾಯಿಯ ಮೇಲೆ ಹಾಯ್ದುಹೋಗುತ್ತದೆ. ಉಬ್ಬು ಸಿಕ್ಕರೆ ಮಾತ್ರ ಅದನ್ನು ಹತ್ತಿ ಇಳಿಯದೆ ವಿಧಿಯಿಲ್ಲ. ಹತ್ತುವಾಗಲೂ ಇಳಿಯುವಾಗಲೂ ಉಬ್ಬಿನ ಬುಡಕ್ಕೆ ತಾಗಲಾಗದೆ ದೂರ ಉಳಿಯುವುದರಿಂದ ಮರದಲ್ಲಿ ಮೂಡುವ ಉಬ್ಬು ಮೂಲಕ್ಕಿಂತ ಅಗಲವಾಗಿರುತ್ತದೆ. ಹಾಗಾಗಿ ಕಣ್ಣು ಮುಚ್ಚಿ ಬೆರಳಿನಿಂದ ಅಂಚನ್ನು ಸವರಿ ಉಬ್ಬು ಹುಡುಕಬೇಕು; ಕಿರಿದಾದ ಕಚ್ಚನ್ನು ಕಂಡು ಗಾಬರಿಪಡಬೇಕಿಲ್ಲ.

ಬೀಗದ ಕೈಯ ನಕಲಿನ ನಕಲು ಹಲವೊಮ್ಮೆ ಬೀಗ ತೆರೆಯದೆ ಸತಾಯಿಸುವುದು ಇದೇ ಕಾರಣಕ್ಕೆ. ಪ್ರತಿ ಬಾರಿಯೂ ಹಿಂಬಾಲಕ ಒಂದಿಷ್ಟು ವಿವರ ಕಳೆದು, ಒಂದಿಷ್ಟು ತಪ್ಪು ಸೇರಿಸಿ ಮುಂದಕ್ಕೆ ದಾಟಿಸುತ್ತದೆ. ಅದಕ್ಕೇ ಮೊದಲ ಪಡಿಯಚ್ಚನ್ನು ಜೋಪಾನವಾಗಿಟ್ಟು, ಹೊಸ ಟ್ರೇಗಳನ್ನೆಲ್ಲ ಅದರಿಂದಲೇ ತೆಗೆಯುವುದು ಬಡಗಿಗಳ ರೂಢಿ.

ಪಡಿಯಚ್ಚಿನ ದಪ್ಪದ ವಿಷಯ ಬಹಳ ಜನರನ್ನು ಸಿಕ್ಕಿಸುತ್ತದೆ. ಅಲಗಿನ ಎತ್ತರ 12 ಮಿ.ಮೀ., ಬೇರಿಂಗ್ ಅದರ ಮೇಲೆ ಎಂದುಕೊಳ್ಳಿ. ಮೊದಲ ಸುತ್ತಿನಲ್ಲಿ 3 ಮಿ.ಮೀ. ಮಾತ್ರ ಕೊರೆಯುವುದಾದರೆ ಬೇರಿಂಗ್ ಹಲಗೆಯಿಂದ 9 ಮಿ.ಮೀ. ಮೇಲಿರುತ್ತದೆ. ಪಡಿಯಚ್ಚು 6 ಮಿ.ಮೀ. ಪ್ಲೈವುಡ್ಡಿನದಾದರೆ ಬೇರಿಂಗ್ ಗಾಳಿಯಲ್ಲಿ ತಿರುಗುತ್ತಿರುತ್ತದೆ, ಅಲಗು ಪಡಿಯಚ್ಚನ್ನೇ ತಿಂದುಹಾಕುತ್ತದೆ. 18 ಮಿ.ಮೀ. ಎಂಡಿಎಫ್ ಇದ್ದರೆ ಈ ತೊಂದರೆಯಿಲ್ಲ. ಕುಳಿ ಸಾಕಷ್ಟು ಆಳವಾದ ಮೇಲೆ ಆಟವೇ ಬದಲಾಗುತ್ತದೆ: ಬೇರಿಂಗ್ ಈಗಾಗಲೇ ಕೊರೆದ ಮರದ ಗೋಡೆಗೆ ಒರಗುತ್ತದೆ, ಟ್ರೇ ತನಗೆ ತಾನೇ ಪಡಿಯಚ್ಚಾಗುತ್ತದೆ.

ಮೂಲೆ ಚೌಕ ಆಗದು, ಏಕೆ?

ಮೇಲಿನ ಚೌಕಟ್ಟಿನ ಕಿಂಡಿಗೆ ಚೂಪಾದ ನಾಲ್ಕು ಮೂಲೆಗಳಿವೆ. ಆದರೂ ಟ್ರೇಯ ಒಳಮೂಲೆ ದುಂಡಗೇ ಬರುತ್ತದೆ. ತಿರುಗುವ ಅಲಗಿನ ಬಾಯಿ ವೃತ್ತ. ವೃತ್ತ ಮೂಲೆಯ ತುದಿಗೆ ಎಂದೂ ತಲುಪದು. 19 ಮಿ.ಮೀ. ಬಿಟ್ ಬಿಡುವ ಮೂಲೆಯ ತ್ರಿಜ್ಯ ಅದರ ಅರ್ಧ, ಅಂದರೆ 9.5 ಮಿ.ಮೀ. ಒಂದೇ ಹಲಗೆಯ ಟ್ರೇಯಲ್ಲಿ ಚೂಪಾದ ಒಳಮೂಲೆ ಕಂಡರೆ ಆಮೇಲೆ ಯಾರೋ ಉಳಿ ಹಿಡಿದು ಕೂತಿದ್ದಾರೆ ಎಂದೇ ತಿಳಿಯಬೇಕು.

ಬೇರಿಂಗ್ ಇಲ್ಲದ ಬಿಟ್ ಇದ್ದವರಿಗೆ ಇನ್ನೊಂದು ಉಪಾಯವಿದೆ. ರೂಟರಿನ ಪಾದಕ್ಕೆ ಲೋಹದ ಕೊರಳಪಟ್ಟಿಯೊಂದನ್ನು ಬಿಗಿಯುತ್ತಾರೆ. ಪಡಿಯಚ್ಚಿಗೆ ಒರಗುವುದು ಅದು, ಬಿಟ್ ಅದರ ನಡುವಿನಿಂದ ಇಳಿಯುತ್ತದೆ. ಆದರೆ ಕೊರಳಪಟ್ಟಿ ಬಿಟ್‌ಗಿಂತ ದಪ್ಪ. ಪಟ್ಟಿಯ ಹೊರ ಅಗಲ 20 ಮಿ.ಮೀ., ಬಿಟ್ 12 ಮಿ.ಮೀ. ಆದರೆ ಅಲಗು ಪಡಿಯಚ್ಚಿನ ಅಂಚಿನಿಂದ ಎಲ್ಲೆಡೆ 4 ಮಿ.ಮೀ. ಒಳಗೇ ಉಳಿಯುತ್ತದೆ. ಕಿಂಡಿಯನ್ನು ಉದ್ದಕ್ಕೂ ಅಗಲಕ್ಕೂ 8 ಮಿ.ಮೀ. ದೊಡ್ಡದು ಮಾಡಬೇಕು. ಇಷ್ಟು ಕೂಡುವ ಲೆಕ್ಕ ಮರೆತು ಲೋಟ ಹಿಡಿಸದ ಟ್ರೇ ಮಾಡಿದವರು ಬೇಕಷ್ಟಿದ್ದಾರೆ.

ಎದುರೋಟ, ಜೊತೆಯೋಟ

ಬೇರಿಂಗ್ ಅಂಚಿಗೆ ಅಂಟಿಕೊಂಡೇ ಇರಬೇಕು. ಅದನ್ನು ಅಲ್ಲಿ ಹಿಡಿದಿಡುವುದು ಕೈಯ ಬಲವೊಂದೇ ಅಲ್ಲ, ಬಿಟ್ ತಿರುಗುವ ದಿಕ್ಕೂ ಅದಕ್ಕೆ ನೆರವಾಗಬಲ್ಲದು, ಇಲ್ಲವೇ ಕೆಡಿಸಬಲ್ಲದು.

ಮೇಲಿನಿಂದ ನೋಡಿದರೆ ರೂಟರಿನ ಬಿಟ್ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಟ್ರೇಯ ಒಳಗೋಡೆಯ ಗುಂಟ ರೂಟರನ್ನೂ ಅದೇ ದಿಕ್ಕಿನಲ್ಲಿ ಸುತ್ತು ತಂದರೆ, ಗೋಡೆಗೆ ತಾಗುವ ಅಲಗು ಮುಂದಕ್ಕೆ ಬಡಿಯುತ್ತದೆ, ಮರ ರೂಟರನ್ನು ಹಿಂದಕ್ಕೆ ತಳ್ಳುತ್ತದೆ. ಕೈಗೆ ಹದವಾದ ತಡೆ ಸಿಗುತ್ತದೆ, ಬಿಟ್ ಗೋಡೆಯತ್ತಲೇ ಎಳೆಯುತ್ತದೆ. ಇದನ್ನು ಎದುರೋಟ ಎನ್ನೋಣ. ವಿರುದ್ಧ ದಿಕ್ಕಿನಲ್ಲಿ ಸುತ್ತಿದರೆ ಜೊತೆಯೋಟ: ಬಿಟ್ ಚಕ್ರದಂತೆ ಗೋಡೆಯ ಮೇಲೆ ಉರುಳಿಕೊಂಡು ಓಡಲು ನೋಡುತ್ತದೆ, ರೂಟರ್ ಕೈ ಕಿತ್ತುಕೊಂಡು ಮುನ್ನುಗ್ಗುತ್ತದೆ, ಬೇರಿಂಗ್ ಅಂಚು ಬಿಟ್ಟು ಜಿಗಿಯುತ್ತದೆ. ಟ್ರೇಯ ಹೊರ ಅಂಚನ್ನು ಸವರುವಾಗ ಮರ ಬಿಟ್‌ನ ಇನ್ನೊಂದು ಪಕ್ಕಕ್ಕೆ ಬರುವುದರಿಂದ ನಿಯಮವೂ ತಿರುಗುಮುರುಗು: ಒಳಗೆ ಪ್ರದಕ್ಷಿಣೆ, ಹೊರಗೆ ಅಪ್ರದಕ್ಷಿಣೆ.

ಇನ್ನು ಮೂಲೆಯಲ್ಲಿ ಕಾಣುವ ಕಂದು ಸುಟ್ಟಗಾಯ. ನಿಮಿಷಕ್ಕೆ 20,000 ಸುತ್ತು, ಬಿಟ್‌ಗೆ ಎರಡು ಅಲಗು, ಒಟ್ಟು 40,000 ಕೊರೆತ. ರೂಟರ್ ನಿಮಿಷಕ್ಕೆ 2 ಮೀಟರ್ ಸಾಗಿದರೆ ಒಂದೊಂದು ಅಲಗು ಕತ್ತರಿಸುವುದು 0.05 ಮಿ.ಮೀ. ದಪ್ಪದ ಸಿಪ್ಪೆ. ಮೂಲೆಯಲ್ಲಿ ದಿಕ್ಕು ಬದಲಿಸಲು ಕೈ ಅರೆಕ್ಷಣ ನಿಂತರೆ ಸಿಪ್ಪೆಯ ದಪ್ಪ ಸೊನ್ನೆಗೆ ಇಳಿಯುತ್ತದೆ. ಆಗ ಅಲಗು ಕೊರೆಯುವುದಿಲ್ಲ, ಬರಿದೇ ಉಜ್ಜುತ್ತದೆ. ಸಿಪ್ಪೆಯ ಜೊತೆ ಹೊರಹೋಗುತ್ತಿದ್ದ ಬಿಸಿಗೆ ಈಗ ದಾರಿಯಿಲ್ಲ. ಮರವಂತೂ ಶಾಖವನ್ನು ಸಾಗಿಸುವುದರಲ್ಲಿ ಬಲು ಸೋಮಾರಿ, ನಿಂತಲ್ಲೇ ಕರಕಲಾಗುತ್ತದೆ. ಭಯದಿಂದ ನಿಧಾನ ಮಾಡಿದಷ್ಟೂ ಟ್ರೇ ಸುಡುತ್ತದೆ ಎಂಬುದು ಹೊಸಬರು ನಂಬಲು ಒಪ್ಪದ ಸಂಗತಿ.

ತಳದಲ್ಲಿ ಇನ್ನೊಂದು ಹೊಂಡ ಕಾದಿರುತ್ತದೆ. ರೂಟರಿನ ಪಾದದ ಅಗಲ ಸುಮಾರು 150 ಮಿ.ಮೀ., ಕಿಂಡಿಯ ಅಗಲ 196. ನಡುವಿಗೆ ಬಂದಾಗ ಪಾದಕ್ಕೆ ಆಸರೆಯಿಲ್ಲದೆ ರೂಟರ್ ವಾಲಿ ತಳ ತೋಡಿಬಿಡುತ್ತದೆ. 450 ಮಿ.ಮೀ. ಉದ್ದದ ದಪ್ಪ ಅಕ್ರಿಲಿಕ್ ಪಟ್ಟಿಯನ್ನು ಪಾದಕ್ಕೆ ತಿರುಪಿನಿಂದ ಬಿಗಿದರೆ, ಬಿಟ್ ಒಂದು ಗೋಡೆ ಮುಟ್ಟಿದಾಗಲೂ ಪಟ್ಟಿಯ ತುದಿ ಎದುರು ಗೋಡೆಯ ಮೇಲೇ ಇರುತ್ತದೆ.

ಎಳೆಯ ಹಟ

ಮರದ ಎಳೆಗಳು ಹಲಗೆಯ ಉದ್ದಕ್ಕೆ ಸಾಗುತ್ತವೆ, ಟ್ರೇಯ ಗೋಡೆ ಸುತ್ತು ಹೊಡೆಯುತ್ತದೆ. ಹೀಗಾಗಿ ನಾಲ್ಕು ಮೂಲೆಗಳಲ್ಲಿ ಎದುರುಬದುರಿನ ಎರಡರಲ್ಲಿ ಅಲಗು ಎಳೆಗಳನ್ನು ಒತ್ತಿ ಕತ್ತರಿಸುತ್ತದೆ, ಉಳಿದೆರಡರಲ್ಲಿ ಅವುಗಳ ಅಡಿಗೆ ತೂರಿ ಸಿಬಿರೆಬ್ಬಿಸುತ್ತದೆ. ಪಡಿಯಚ್ಚು ಎಷ್ಟೇ ಚೆನ್ನಾಗಿದ್ದರೂ ಈ ಎರಡು ಮೂಲೆಗಳ ಹಟ ತಪ್ಪದು. ಗೋಡೆಗೆ ಒಂದು ಮಿ.ಮೀ. ಬಿಟ್ಟು ಒಳಗಿನದನ್ನೆಲ್ಲ ಮೊದಲು ತೋಡಿ, ಕೊನೆಯ ಸುತ್ತಿನಲ್ಲಿ ಮಾತ್ರ ಬೇರಿಂಗನ್ನು ಅಂಚಿಗೆ ತಾಗಿಸಿದರೆ ಸಿಬಿರು ಬಹಳ ಕಡಿಮೆ. ಒಳಗಿನ ಬಹುಪಾಲನ್ನು ಅಗಲ ಡ್ರಿಲ್ ಬಿಟ್‌ನಿಂದ ತೂತು ತೂತಾಗಿ ಮೊದಲೇ ತೆಗೆದುಬಿಟ್ಟರೆ ರೂಟರಿಗೆ ಇನ್ನೂ ಹಗುರ.

ಯಾವ ಮರ? ಸಾಗುವಾನಿ ನೀರು ತಡೆಯುತ್ತದೆ, ಅಷ್ಟಾಗಿ ಸೊಟ್ಟಗಾಗದು, ಆದರೆ ಅದರೊಳಗಿನ ಸಿಲಿಕಾ ಅಲಗನ್ನು ಬೇಗ ಮೊಂಡು ಮಾಡುತ್ತದೆ. ಟಂಗ್‌ಸ್ಟನ್ ಕಾರ್ಬೈಡ್ ಅಂಚಿನ ಬಿಟ್ ಇಲ್ಲದೆ ಅದರ ತಂಟೆಗೆ ಹೋಗಬಾರದು. ವೀಣೆಯ ಕೊಡಕ್ಕೆ ಒದಗುವ ಹಲಸು ತೋಡಲು ಹಿತ, ಬಣ್ಣವೂ ಚೆಂದ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೂ ಮೆಣಸಿನ ಬಳ್ಳಿಗೂ ಬೆಳೆಸುವ ಸಿಲ್ವರ್ ಓಕ್ ಅಭ್ಯಾಸಕ್ಕೆ ಸಾಕು. ಮರ ಯಾವುದಾದರೂ ಒಣಗಿರಬೇಕು. ಮಳೆಗಾಲದಲ್ಲಿ ಬಾಗಿಲು ಬಿಗಿಯುವುದನ್ನು ಕಂಡವರಿಗೆ ಕಾರಣ ಗೊತ್ತು: ಮರ ತೇವ ಹೀರಿ ಅಗಲಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಅಲ್ಲವೇ ಅಲ್ಲ ಎನ್ನುವಷ್ಟು ಕಡಿಮೆ. 25 ಮಿ.ಮೀ. ಹಲಗೆಯಲ್ಲಿ 17 ಮಿ.ಮೀ. ತೋಡಿದಾಗ ಒಳಗಿನ ಹಸಿ ಮರ ಒಂದೇ ಮಗ್ಗುಲಿಗೆ ಗಾಳಿಗೆ ಬೀಳುತ್ತದೆ. ಆ ಮಗ್ಗುಲು ಮೊದಲು ಕುಗ್ಗಿ ತಳ ಬಟ್ಟಲಿನಂತೆ ಬಾಗುತ್ತದೆ. ಪೂರ್ತಿ ತೋಡದೆ ಅರ್ಧಕ್ಕೆ ನಿಲ್ಲಿಸಿ, ಕೆಲ ದಿನ ಒರಗಿಸಿಟ್ಟು, ಆಮೇಲೆ ಕೊನೆಯ ಸುತ್ತು ಮುಗಿಸುವವರ ಟ್ರೇ ಮೇಜಿನ ಮೇಲೆ ಅಲ್ಲಾಡದೆ ಕೂರುತ್ತದೆ.

ಬಿಟ್ ಬದಲಿಸುವ ಮುನ್ನ ಪ್ಲಗ್ ಕೀಳಬೇಕು. ಕನ್ನಡಕ, ಕಿವಿಗೆ ಮುಚ್ಚಳ, ಮೂಗಿಗೆ ಮುಸುಕು ಇಲ್ಲದೆ ರೂಟರ್ ಹಿಡಿಯಬಾರದು. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮರದ ಧೂಳನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿ ದಶಕಗಳೇ ಆದವು. ಎಂಡಿಎಫ್‌ನ ಧೂಳು ಇನ್ನೂ ನುಣ್ಣಗೆ, ಅಂಟಿನ ಸಮೇತ ಬರುತ್ತದೆ.

ಟ್ರೇಗೆ ಎಣ್ಣೆ ಹಚ್ಚಿ ಒಣಗಲು ಬಿಟ್ಟ ಮೇಲೂ ಒಂದು ಕೆಲಸ ಉಳಿದಿರುತ್ತದೆ. ಪಡಿಯಚ್ಚನ್ನು ಮೊಳೆಗೆ ತೂಗುಹಾಕುವ ಮೊದಲು ಯಾವ ಬಿಟ್, ಅದರ ಅಗಲ ಎಷ್ಟು, ಬೇರಿಂಗೋ ಕೊರಳಪಟ್ಟಿಯೋ, ಎಷ್ಟು ಆಳ ಎಂಬುದನ್ನು ದಪ್ಪ ಮಾರ್ಕರ್‌ನಲ್ಲಿ ಅದರ ಮೈಮೇಲೇ ಬರೆದಿಡಿ. ಆರು ತಿಂಗಳ ನಂತರ ಬೇರೆ ಬಿಟ್ ಹಾಕಿ ಕೊರೆದರೆ ಅದೇ ಕಿಂಡಿಯಿಂದ ಬೇರೆಯದೇ ಅಳತೆಯ ಟ್ರೇ ಬರಬಹುದು.